ಖಾಲಿ ಡಬ್ಬಿಗೆ ಇಷ್ಟ್ಯಾಕ ರೊಕ್ಕ?

ರಾತ್ರಿ ಹನ್ನೊಂದೂವರೆಗೆ ವಾಟ್ಸಾಪ್ ಮೆಸೇಜು. ಕುಷ್ಟಗಿಯ ನಮ್ಮ ಕಾಕಾನ ಮಗ. ಬೆಂಗಳೂರಿಗೆ ಬಂದು ಎರಡು ವರ್ಷವಾಯಿತು, ಬೆಳ್ಳಂದೂರಿನ ಕಡೆ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. “ಅಣ್ಣಾ, ಜಾಝ್ ಕಲೀಬೇಕಂತ ಮಾಡೀನಿ. ಹಾಲೋ ಬಾಡಿ ತಗೋಬೇಕೋ, ಸೆಮಿ ಹಾಲೋ ತಗೋಬೇಕೋ? ಎಲ್ಲಾರೂ ಸೆಮಿ ಅಂತಾರ.” ಅದರ ಹಿಂದೆಯೇ ಮೂರು ಫೋಟೊ. ಮೂರೂ ಕೆಂಪು, ಮೂರೂ ಸೆಮಿ ಹಾಲೋ. ನಿರ್ಧಾರ ಆಗಿಹೋಗಿತ್ತು, ನನ್ನಿಂದ ಬೇಕಾಗಿದ್ದು ಒಂದು ಠಸ್ಸೆ ಅಷ್ಟೇ.

ಠಸ್ಸೆ ಒತ್ತಲಿಲ್ಲ. ಬದಲಿಗೆ ಇದನ್ನು ಬರೆಯುತ್ತಿದ್ದೇನೆ.

ಆ ‘ಎಲ್ಲಾರೂ’ ಯಾರು ಅಂತ ನನಗೆ ಚೆನ್ನಾಗಿ ಗೊತ್ತು. ಗಿಟಾರ್ ಅಂಗಡಿಯ ಹುಡುಗ, ಆಫೀಸಿನ ಬ್ಯಾಂಡಿನಲ್ಲಿ ನುಡಿಸುವ ಸೀನಿಯರ್, ಯೂಟ್ಯೂಬಿನಲ್ಲಿ ಹಿಂದೆ ಗೋಡೆ ತುಂಬ ಗಿಟಾರ್ ನೇತುಹಾಕಿಕೊಂಡು ಮಾತಾಡುವವರು. ಅವರ ಬಾಯಲ್ಲಿ ಒಂದೇ ಶಬ್ದ: ವರ್ಸಟೈಲ್. ಸೆಮಿ ಹಾಲೋ ತಗೊಂಡರೆ ಜಾಝ್ ಆಗುತ್ತೆ, ಬ್ಲೂಸ್ ಆಗುತ್ತೆ, ರಾಕ್ ಆಗುತ್ತೆ, ನಾಳೆ ಸಿನಿಮಾ ಹಾಡೂ ಆಗುತ್ತೆ. ಕೇಳೋದಕ್ಕೆ ಬಹಳ ಬುದ್ಧಿವಂತಿಕೆಯ ಮಾತು. ಆದರೆ ಗಮನಿಸಿ, ಈ ಮಾತು ಹೇಳುವವನ ಹತ್ತಿರ ನಾಲ್ಕು ಗಿಟಾರ್ ಇರುತ್ತವೆ. ಕೇಳಿಸಿಕೊಳ್ಳುವವನು ಜೀವನದಲ್ಲಿ ಒಂದು ಒಳ್ಳೆಯ ಗಿಟಾರ್ ಕೊಳ್ಳುವವನು, ಅದೂ ಎರಡು ತಿಂಗಳ ಸಂಬಳ ಒತ್ತಟ್ಟಿಗಿಟ್ಟು. ಒಂದೇ ಕೊಳ್ಳುವವನಿಗೆ ಎಲ್ಲದಕ್ಕೂ ಆಗುವ ವಸ್ತು ಮಾರುವುದು ಸುಲಭ, ಯಾಕೆಂದರೆ ಅವನ ಭಯ ದೊಡ್ಡದು.

ನನ್ನ ವಾದ ಚಿಕ್ಕದು. ನಿಮಗೆ ಜಾಝ್ ಟೋನೇ ಬೇಕು, ಕೊಳ್ಳೋದು ಒಂದೇ ಗಿಟಾರ್, ನುಡಿಸೋದು ಬಾಡಿಗೆ ಮನೆಯ ರೂಮಿನಲ್ಲಿ ಆಫೀಸ್ ಮುಗಿದ ಮೇಲೆ. ಈ ಮೂರೂ ನಿಜವಿದ್ದರೆ ಫುಲ್ ಹಾಲೋ ತಗೊಳ್ಳಿ, ಪ್ಲೈವುಡ್ಡಿನದಾದರೂ ಪರವಾಗಿಲ್ಲ. ಸೆಮಿ ಹಾಲೋ ಅನ್ನುವುದು ಬೇರೊಬ್ಬರ ಕಾಯಿಲೆಗೆ ಕಂಡುಹಿಡಿದ ಔಷಧ. ನಿಮಗೆ ಆ ಕಾಯಿಲೆ ಇಲ್ಲ.

ಇದನ್ನು ಹೇಳೋಕೆ ನಾನು ಅಮೆರಿಕಕ್ಕೆ ಹೋಗುವುದಕ್ಕಿಂತ ಮೊದಲು ಹುಲಿಗಿಗೆ ಹೋಗಬೇಕು.

ಮುನಿರಾಬಾದಿನ ಹತ್ತಿರ, ತುಂಗಭದ್ರೆಯ ದಂಡೆಗೆ ಹುಲಿಗೆಮ್ಮನ ಗುಡಿ ಐತಿ. ನಮ್ಮ ಕೊಪ್ಪಳದ ಕಡೆಯವರಿಗೆ ಗೊತ್ತು, ಹುಣ್ಣಿಮೆ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಿಕ್ಕವನಿದ್ದಾಗ ಅಜ್ಜಿಯ ಸೆರಗು ಹಿಡಿದು ಹೋಗುತ್ತಿದ್ದೆ. ಜನ, ಭಂಡಾರ, ಉದುಗಡ್ಡಿ ಹೊಗೆ, ಬಿಸಿಲು. ಅದರ ನಡುವೆ ಜೋಗತಿಯರ ಚೌಡಿಕೆ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಬೆಂಗಳೂರಿನ ಗೆಳೆಯರು ಕೆಲವರು ‘ಚೌಡಿಕೆ ಅಂದ್ರೆ ಏನೋ?’ ಅಂತ ಕೇಳಿದರು. ಹೇಳುತ್ತೇನೆ, ಗಿಟಾರ್ ಅಂಗಡಿಯವರು ಹೇಳಿಕೊಡದ ಪಾಠ ಅದರಲ್ಲಿದೆ.

ಒಳಗೆಲ್ಲ ಕೊರೆದು ಟೊಳ್ಳು ಮಾಡಿದ, ಸೇರು-ಪಾವಿನ ಆಕಾರದ ಮರದ ಕೊಳವೆ. ಅದರ ಒಂದು ಬಾಯಿಗೆ ತೊಗಲು ಬಿಗಿದಿರುತ್ತಾರೆ. ಆ ತೊಗಲಿನ ನಟ್ಟನಡುವಿನಿಂದ ಒಂದೇ ಒಂದು ತಂತಿ ಹೊರಟು, ಪಕ್ಕಕ್ಕೆ ಕೂಡಿಸಿದ ಕೋಲಿನ ತುದಿಯ ಬಿರಡೆಗೆ ಸುತ್ತಿಕೊಳ್ಳುತ್ತದೆ. ಕಂಕುಳಲ್ಲಿ ಇಟ್ಟುಕೊಂಡು ಮೀಟಬೇಕು. ‘ಡುಂವ್’ ಅನ್ನುತ್ತೆ, ಮುಗಿಯಿತು. ಸ್ವರ ದಪ್ಪಗೆ ಹುಟ್ಟುತ್ತದೆ, ಎದೆಗೆ ಬಡಿಯುತ್ತದೆ, ತಕ್ಷಣ ಸಾಯುತ್ತದೆ. ಅದು ಸತ್ತ ಜಾಗದಲ್ಲಿ ಹಾಡುವವರ ದನಿ ಬಂದು ಕೂರುತ್ತದೆ.

ಯಾಕೆ ಅಷ್ಟು ಬೇಗ ಸಾಯುತ್ತದೆ? ತಂತಿಯ ಶಕ್ತಿಯೆಲ್ಲ ತೊಗಲಿಗೆ ಒಮ್ಮೆಲೇ ಹರಿದುಹೋಗುತ್ತದೆ. ತೊಗಲು ಹಗುರ, ತಂತಿ ಎಳೆದಲ್ಲಿಗೆ ಬರುತ್ತದೆ, ಗಾಳಿಯನ್ನು ತಳ್ಳುತ್ತದೆ. ತಂತಿಯ ಗಂಟು ಒಂದೇ ಸಲಕ್ಕೆ ಖಾಲಿ. ಈಗ ಯಲಬುರ್ಗಾದ ಯಾವುದಾದರೂ ಊರಲ್ಲಿ ಭಜನೆಯವರ ತಂಬೂರಿ ನೆನೆಸಿಕೊಳ್ಳಿ. ಅದೂ ಟೊಳ್ಳೇ, ಸೋರೆಬುರುಡೆ. ಆದರೆ ಅದರ ಸ್ವರ ನಿಂತೇ ಇರುತ್ತದೆ. ಕುದುರೆಯ ಕೆಳಗಿನ ಹಲಗೆ ಗಟ್ಟಿ, ತಂತಿಯಿಂದ ಜಿಪುಣನ ಹಾಗೆ ಸ್ವಲ್ಪಸ್ವಲ್ಪವೇ ತಗೊಳ್ಳುತ್ತದೆ, ನಿಧಾನಕ್ಕೆ ಖರ್ಚು ಮಾಡುತ್ತದೆ.

ಅಂದಮೇಲೆ ಟೊಳ್ಳು ಇದೆಯೋ ಇಲ್ಲವೋ ಅನ್ನೋದು ಪೂರ್ತಿ ಪ್ರಶ್ನೆಯೇ ಅಲ್ಲ. ತಂತಿ ಕೂತ ಕುದುರೆಯ ಕೆಳಗೆ ಏನಿದೆ, ಅದು ಅಲ್ಲಾಡುತ್ತದೆಯೋ ಇಲ್ಲವೋ? ಈ ಒಂದು ಪ್ರಶ್ನೆ ಇಟ್ಟುಕೊಂಡರೆ ಹಾಲೋ, ಸೆಮಿ ಹಾಲೋ ಗೊಂದಲ ಅರ್ಧ ಗಂಟೆಯಲ್ಲಿ ಕರಗುತ್ತದೆ.

ಹಳೆಯ ಜಾಝ್ ಗಿಟಾರು, ಆರ್ಚ್‌ಟಾಪ್ ಅಂತಾರಲ್ಲ, ಅದರ ಎದೆಯ ಹಲಗೆ ಪಿಟೀಲಿನ ಹಾಗೆ ಉಬ್ಬಿರುತ್ತದೆ, ಪಿಟೀಲಿನ ಹಾಗೆಯೇ ಎರಡು ಎಫ್ ಆಕಾರದ ತೂತು. ಸಾಂಪ್ರದಾಯಿಕವಾದದ್ದರಲ್ಲಿ ಬ್ರಿಡ್ಜ್, ಅಂದರೆ ಕುದುರೆ, ಅಂಟಿಸಿರುವುದೂ ಇಲ್ಲ, ತಂತಿಗಳ ಒತ್ತಡಕ್ಕೇ ಕೂತಿರುತ್ತದೆ. ಕೆಳಗೆ ಬರೀ ಗಾಳಿ. ಮೀಟಿದರೆ ಹಲಗೆ ಅಲ್ಲಾಡುತ್ತದೆ, ಸ್ವರ ದಪ್ಪಗೆ ಬಂದು ಬೇಗ ಇಳಿಯುತ್ತದೆ. ಜಾಝಿನಲ್ಲಿ ಎರಡು ಎಣಿಕೆಗೊಮ್ಮೆ ಕಾರ್ಡ್ ಬದಲಾಗುತ್ತಿರುತ್ತದೆ. ಹಳೆಯ ಸ್ವರ ಜಾಗ ಬಿಡದಿದ್ದರೆ ಹೊಸ ಸ್ವರ ರಾಡಿಯಲ್ಲಿ ಬಿದ್ದ ಹಾಗೆ. ನೀವು ‘ಜಾಝ್ ಟೋನ್, ಜಾಝ್ ಟೋನ್’ ಅಂತ ಹುಡುಕುತ್ತಿರುವುದು ಈ ಬೇಗ ಸಾಯುವ ಸ್ವರವನ್ನೇ. ಅದು ನನ್ನ ಕಿವಿಗೆ ಮೊದಲು ಬಿದ್ದದ್ದು ವೆಸ್ ಮಾಂಟ್‌ಗೊಮೆರಿಯ ರೆಕಾರ್ಡಿನಿಂದಲ್ಲ, ಹುಲಿಗಿಯಿಂದ.

ಇನ್ನು ಸೆಮಿ ಹಾಲೋ ಹುಟ್ಟಿದ ಕಥೆ. ಚುರುಕಾಗಿ ಮುಗಿಸುತ್ತೇನೆ, ಇದು ಎಲ್ಲ ಕಡೆ ಸಿಗುತ್ತದೆ.

ಗಿಬ್ಸನ್ ಕಂಪನಿ ಎಲ್-5 ಆರ್ಚ್‌ಟಾಪ್ ತಂದದ್ದು 1922ರಲ್ಲಿ. ಆಗಿನ ಚಿಂತೆ ಒಂದೇ: ತುತ್ತೂರಿ, ಸ್ಯಾಕ್ಸೊಫೋನಿನ ಸಾಲಿನಲ್ಲಿ ಕೂತ ಗಿಟಾರಿನವನ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. 1936ರಲ್ಲಿ ಇಎಸ್-150 ಬಂತು, ಟೊಳ್ಳು ಗಿಟಾರಿಗೆ ಪಿಕಪ್ ಕೂಡಿಸಿ ಆಂಪಿಗೆ ಸಿಕ್ಕಿಸಿದರು. ಅದನ್ನು ಹಿಡಿದುಕೊಂಡು 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ 1942ರಲ್ಲಿ ತೀರಿಕೊಂಡ, ವಯಸ್ಸು 25. ಮೂರೇ ವರ್ಷದಲ್ಲಿ ಗಿಟಾರ್ ಅಂದರೆ ಏನು ಅನ್ನುವುದನ್ನೇ ಬದಲಾಯಿಸಿ ಹೋದ. ಆದರೆ ಸದ್ದು ಏರಿಸಿದ ಕೂಡಲೇ ಹೊಸ ಪೀಡೆ ಶುರುವಾಯಿತು. ಆಂಪಿನ ಸದ್ದು ಹಲಗೆಯನ್ನು ಅಲ್ಲಾಡಿಸುತ್ತದೆ, ಹಲಗೆ ತಂತಿಯನ್ನು ಅಲ್ಲಾಡಿಸುತ್ತದೆ, ತಂತಿಯ ನಡುಕ ಪಿಕಪ್ಪಿನಿಂದ ಮತ್ತೆ ಆಂಪಿಗೆ. ಗಾಣದೆತ್ತಿನ ಸುತ್ತು. ಫಲ, ‘ಊಂ...’ ಅಂತ ಊಳಿಡುವ ಫೀಡ್‌ಬ್ಯಾಕ್. 1949ರ ಇಎಸ್-175ಕ್ಕೆ ಗಿಬ್ಸನ್ನಿನವರು ಕೆತ್ತಿದ ಹಲಗೆ ಬಿಟ್ಟು ಪದರಪದರ ಅಂಟಿಸಿದ ಮೇಪಲ್, ಅಂದರೆ ಪ್ಲೈವುಡ್, ಹಾಕಿದರು. ಖರ್ಚೂ ಕಮ್ಮಿ, ಊಳೂ ಕಮ್ಮಿ. 1958ರಲ್ಲಿ ಟೆಡ್ ಮೆಕಾರ್ಟಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತೆಳ್ಳನೆಯ ಗಿಟಾರಿನ ಹೊಟ್ಟೆಯಲ್ಲಿ ಕತ್ತಿನಿಂದ ಬುಡದವರೆಗೆ ಒಂದು ಮರದ ದಿಮ್ಮಿ ಇಟ್ಟ. ಅದೇ ಇಎಸ್-335. ಅದೇ ಸೆಮಿ ಹಾಲೋ.

ಆ ದಿಮ್ಮಿ ಎಲ್ಲಿದೆ ನೋಡಿ. ಸರಿಯಾಗಿ ಬ್ರಿಡ್ಜಿನ ಕೆಳಗೆ. ಅಲ್ಲಾಡಬೇಕಾದ ಜಾಗಕ್ಕೇ ಗೂಟ ಬಡಿದಿದ್ದಾರೆ. ಎರಡು ಕಡೆಯ ರೆಕ್ಕೆ ಟೊಳ್ಳು, ಎಫ್ ತೂತೂ ಇವೆ, ಆದರೆ ತಂತಿಗೆ ಕಾಣುವುದು ದಿಮ್ಮಿ ಮಾತ್ರ. ಸ್ವರ ಉದ್ದಕ್ಕೆ ನಿಲ್ಲುತ್ತದೆ, ಜೋರು ಆಂಪಿನ ಮುಂದೆಯೂ ಊಳಿಡುವುದಿಲ್ಲ. ಬಿ.ಬಿ. ಕಿಂಗ್ ಅಂಥವರಿಗೆ ಅದೇ ಬೇಕಿತ್ತು. ಹೇಳಿ ಮಾಡಿಸಿದ ಹಾಗಿತ್ತು, ನಾನೂ ಕೈ ಮುಗಿಯುತ್ತೇನೆ. ಆದರೆ ಮೂಲತಃ ಅದು ಸಾಲಿಡ್ ಗಿಟಾರು, ಹಾಲೋ ಅಂಗಿ ತೊಟ್ಟಿದೆ. ನಿಮ್ಮ ರೂಮಿನಲ್ಲಿ ಡ್ರಮ್ಸ್ ಇಲ್ಲ, ತುತ್ತೂರಿ ಇಲ್ಲ, ಮಲಗಿರುವ ರೂಮ್‌ಮೇಟ್ ಇದ್ದಾನೆ. ಅಲ್ಲಿ ಫೀಡ್‌ಬ್ಯಾಕಿಗೆ ಔಷಧ ಕುಡಿಯುವುದು ಯಾಕೆ?

ಈಗ ಎದುರು ಪಾರ್ಟಿಯವರು ಏಳುತ್ತಾರೆ. ಇವರಲ್ಲಿ ಜಾಣರು ಹೇಳುವುದು: ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ ಕೇಳಿಸಿಕೊಳ್ಳುವುದು ಉಕ್ಕಿನ ತಂತಿಯನ್ನು, ಮರವನ್ನಲ್ಲ; ಟೊಳ್ಳಿನ ಮಾತೆಲ್ಲ ಮೂಢನಂಬಿಕೆ.

ನಮ್ಮ ಕಡೆಯವನಿಗೆ ಈ ವಾದ ಹೊಸದಲ್ಲ. ಗಂಗಾವತಿಯಿಂದ ಹೊಳೆ ದಾಟಿದರೆ ಹಂಪಿ, ವಿಜಯ ವಿಠ್ಠಲನ ಗುಡಿ. ಅಲ್ಲಿನ ಸಂಗೀತದ ಕಂಬಗಳ ಮುಂದೆ ಗೈಡುಗಳು ಒಂದು ಕಥೆ ಹೇಳುತ್ತಾರೆ: ಒಳಗೆ ಏನೋ ಟೊಳ್ಳು ಇರಬೇಕು, ಇಲ್ಲದಿದ್ದರೆ ಕಲ್ಲು ಹೇಗೆ ನುಡಿಯುತ್ತದೆ ಅಂತ ಬ್ರಿಟಿಷರು ಎರಡು ಕಂಬ ಕತ್ತರಿಸಿ ನೋಡಿದರಂತೆ, ಒಳಗೂ ಬರೀ ಕಲ್ಲೇ ಇತ್ತಂತೆ. ಕಥೆ ನಿಜವೋ ಸುಳ್ಳೋ, ಕಂಬ ಗಟ್ಟಿ ಕಲ್ಲೇ. ಗಟ್ಟಿ ವಸ್ತು ಹಾಡಬಲ್ಲದು ಅಂತ ಒಪ್ಪಿಕೊಳ್ಳೋಕೆ ನನಗೇನೂ ಕಷ್ಟವಿಲ್ಲ. ಕೆನಡಾದ ಎಡ್ ಬಿಕರ್ಟ್ ಹೆಸರಾದದ್ದು ಟೆಲಿಕಾಸ್ಟರ್ ನುಡಿಸಿ, ಪೂರ್ತಿ ಗಟ್ಟಿ ಹಲಗೆ. ಕತ್ತಿನ ಕಡೆಗೆ ಒಂದು ಹಂಬಕರ್ ಪಿಕಪ್ ಹಾಕಿಸಿಕೊಂಡಿದ್ದ, ಅಷ್ಟೇ. 1975ರಲ್ಲಿ ಟೊರಾಂಟೊದಲ್ಲಿ ಪಾಲ್ ಡೆಸ್ಮಂಡ್ ಜೊತೆ ನುಡಿಸಿದ ರೆಕಾರ್ಡಿಂಗ್ ಕೇಳಿ, ಕಣ್ಣು ಮುಚ್ಚಿದರೆ ಮುಕ್ಕಾಲು ಜನ ಅದನ್ನು ಟೊಳ್ಳು ಗಿಟಾರು ಅಂತಲೇ ಆಣೆ ಮಾಡುತ್ತಾರೆ.

ಸರಿ, ಒಪ್ಪಿದೆ. ಆದರೆ ಆ ಒಪ್ಪಿಗೆಯಿಂದ ಸೆಮಿ ಹಾಲೋ ಪಾರ್ಟಿಗೆ ಏನು ಸಿಕ್ಕಿತು? ಮರ ಮುಖ್ಯವಲ್ಲ ಅಂದಮೇಲೆ ನಿಮ್ಮ ಮನೆಯಲ್ಲಿ ಕಾಲೇಜಿನ ಕಾಲದಿಂದ ಧೂಳು ತಿನ್ನುತ್ತಿರುವ ಸಾಲಿಡ್ ಗಿಟಾರೇ ಸಾಕು. ಅದಕ್ಕೆ ಹನ್ನೆರಡರ ಗೇಜಿನ ಫ್ಲಾಟ್‌ವೌಂಡ್ ತಂತಿ ಹಾಕಿಸಿ, ಕತ್ತಿನ ಕಡೆಯ ಪಿಕಪ್ ಆರಿಸಿ, ಟೋನ್ ಗುಂಡಿ ಅರ್ಧಕ್ಕೆ ಇಳಿಸಿ, ಆಂಪಿನಲ್ಲಿ ಗೊರಗೊರ ಇಲ್ಲದ ಶುದ್ಧ ಸದ್ದು ಇಟ್ಟುಕೊಳ್ಳಿ. ಬಿಕರ್ಟ್ ಆಗದಿದ್ದರೂ ಅವನ ಓಣಿಯವರೆಗೆ ಹೋಗುತ್ತೀರಿ. ಖರ್ಚು ಒಂದು ಸೆಟ್ ತಂತಿಯದು. ಅಂಗಡಿಯವನು ಇದನ್ನು ಹೇಳುವುದಿಲ್ಲ, ಪಾಪ, ಅವನೂ ಬಾಡಿಗೆ ಕಟ್ಟಬೇಕು. ತಮ್ಮನ ಹತ್ತಿರ ಸಾಲಿಡ್ ಗಿಟಾರ್ ಇದ್ದಿದ್ದರೆ ಅವನಿಗೂ ಇದನ್ನೇ ಹೇಳುತ್ತಿದ್ದೆ. ಇಲ್ಲ. ಇರುವುದು ಕಾಲೇಜಿನಲ್ಲಿ ಕೊಂಡ, ಕತ್ತು ಬಾಗಿದ ಒಂದು ಅಕೂಸ್ಟಿಕ್ಕು.

ಇನ್ನೊಂದು ಗುಂಪಿದೆ, ಇವರು ಸಾಧುಸಂತರು. ‘ಟೋನ್ ಎಲ್ಲ ಬೆರಳಿನಲ್ಲಿದೆ ಬ್ರೋ.’ ಇದನ್ನು ಹೇಳುವವನ ಬೆರಳು ಯಾವಾಗಲೂ ದುಬಾರಿ ಗಿಟಾರಿನ ಮೇಲೇ ಇರುತ್ತದೆ ಅನ್ನೋದನ್ನು ನೋಡಿದ್ದೀರಾ? ಬೆರಳಿನಲ್ಲಿದೆ, ನಿಜ. ಆದರೆ ಬೆರಳಿಗೆ ಅದನ್ನು ಕಲಿಸುವವರು ಯಾರು? ನನ್ನ ಪ್ರಕಾರ ಆಂಪ್ ಇಲ್ಲದೆ ನುಡಿಸುವ ಟೊಳ್ಳು ಗಿಟಾರು. ಪ್ಲಗ್ ಹಾಕದೆ ಸೋಫಾದ ಮೇಲೆ ಕೂತು ಮೀಟಿದರೆ ಸೆಮಿ ಹಾಲೋದಲ್ಲಿ ಸೊಳ್ಳೆ ಹಾಡಿದಂತೆ ಕೇಳುತ್ತದೆ, ತಡೆಯಲಾರದೆ ಹೆಡ್‌ಫೋನ್ ಹಾಕುತ್ತೀರಿ, ಲ್ಯಾಪ್‌ಟಾಪ್ ತೆಗೆಯುತ್ತೀರಿ, ಅಲ್ಲೊಂದು ಮೇಲ್ ಬಂದಿರುತ್ತದೆ, ಮುಗಿಯಿತು ರಿಯಾಜ್. ಟೊಳ್ಳು ಗಿಟಾರಾದರೆ ಗೋಡೆಯಿಂದ ತೆಗೆದುಕೊಂಡು ಹೆಬ್ಬೆರಳು ಇಟ್ಟರೆ ಸಾಕು, ರೂಮಿಗೆ ಬೇಕಾದಷ್ಟು ಸದ್ದು, ಪಕ್ಕದ ಮನೆಗೆ ಬೇಡವಾದಷ್ಟಿಲ್ಲ. ಮೆತ್ತಗೆ ಮೀಟಿದರೆ ಮೆತ್ತಗೆ, ಬಲವಾಗಿ ಮೀಟಿದರೆ ಬೈಯುತ್ತದೆ. ಹಿಂಬದಿಯ ಹಲಗೆ ಹೊಟ್ಟೆಗೆ ತಾಗಿ ನಡುಗುತ್ತದೆ. ಕಲಿಯುವವನಿಗೆ ಇದಕ್ಕಿಂತ ಪ್ರಾಮಾಣಿಕ ಮಾಸ್ತರ ಸಿಗುವುದಿಲ್ಲ.

ಜೋ ಪಾಸ್ 1973ರಲ್ಲಿ ಧ್ವನಿಮುದ್ರಿಸಿದ ‘ವರ್ಚುಸೊ’ ಕೇಳಿದವರಿಗೆ ಗೊತ್ತು. ಒಬ್ಬನೇ, ಒಂದು ಇಎಸ್-175, ಬಹುಪಾಲು ಆಂಪಿನ ಸದ್ದಿಲ್ಲದೆ ಮೈಕಿಗೆ ಬಿದ್ದ ಗಿಟಾರಿನ ಬರಿಮೈ ದನಿ. ಟಕ್ ಟಕ್ ಅಂತ ತಂತಿಯ ಸದ್ದು, ಪ್ಲೈವುಡ್ಡಿನ ಸದ್ದು. ಸುಂದರ ಅಂತ ಹೇಳಲಾರೆ, ಒರಟೇ. ಆದರೆ ಮನುಷ್ಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂತ ಹಾಗೆ. ಇನ್ನು ವೆಸ್ ಮಾಂಟ್‌ಗೊಮೆರಿ. ಹಗಲು ಕಾರ್ಖಾನೆ ಕೆಲಸ, ರಾತ್ರಿ ಸಂಗೀತ. ಅಕ್ಕಪಕ್ಕದವರು ಗಲಾಟೆ ಮಾಡಿದ್ದಕ್ಕೆ ಪಿಕ್ ಬಿಟ್ಟು ಹೆಬ್ಬೆರಳಲ್ಲಿ ನುಡಿಸೋದು ಶುರು ಮಾಡಿದ ಅನ್ನುವ ಕಥೆ ಪ್ರಸಿದ್ಧ. ಆ ಹೆಬ್ಬೆರಳೇ ಆಮೇಲೆ ಲೋಕವೆಲ್ಲ ಹಂಬಲಿಸುವ ಟೋನ್ ಆಯಿತು. ಬಿಟಿಎಂ ಲೇಔಟಿನ ಮೂರನೇ ಮಹಡಿಯಲ್ಲಿ ಇರುವ ನಮಗೆ ಇದಕ್ಕಿಂತ ಹತ್ತಿರದ ಬಂಧು ಬೇಕೆ?

ಇದೆಲ್ಲ ಪರದೇಶದ ಮಾತು ಅನ್ನುವವರಿಗೆ ಒಂದು ಅಡ್ಡಮಾತು. ವಿಶ್ವಮೋಹನ ಭಟ್ಟರ ಮೋಹನವೀಣೆ ಕೇಳಿದ್ದೀರಲ್ಲ? ರೈ ಕೂಡರ್ ಜೊತೆ ಗ್ರ್ಯಾಮಿ ಕೂಡ ಬಂತು. ಅದು ಏನು ಅಂದುಕೊಂಡಿರಿ? ಮೂಲದಲ್ಲಿ ಆರ್ಚ್‌ಟಾಪ್ ಗಿಟಾರೇ, ತರಬ್ ತಂತಿ ಕೂಡಿಸಿ ತೊಡೆಯ ಮೇಲೆ ಮಲಗಿಸಿದ್ದಾರೆ. ಹಿಂದೂಸ್ತಾನಿ ಕೇಳಿ ಬೆಳೆದ ನಮ್ಮ ಕಡೆಯ ಕಿವಿಗೆ ಈ ಗಿಟಾರಿನ ಎದೆ ಅಪರಿಚಿತವಲ್ಲ.

ನನ್ನ ಮಾತು ಎಲ್ಲರಿಗೂ ಅಲ್ಲ ಅಂತಲೂ ಹೇಳಬೇಕು, ಇಲ್ಲದಿದ್ದರೆ ಗಂಗಾವತಿಯವರು ಯಾರಾದರೂ ಎದ್ದು ಆ ಮದುವೆ ನೆನಪಿಸಿ ಮಾನ ಕಳೆಯುತ್ತಾರೆ.

ಸುಮಾರು ವರ್ಷದ ಹಿಂದೆ. ನಮ್ಮ ಮಾಮಾನ ಮಗಳ ಮದುವೆ, ರಾತ್ರಿ ರಸಮಂಜರಿ. ಆರ್ಕೆಸ್ಟ್ರಾದವರಿಗೆ ಗಿಟಾರಿನವ ಕೈ ಕೊಟ್ಟಿದ್ದ. ‘ನಮ್ಮ ಹುಡುಗ ನುಡಸ್ತಾನ’ ಅಂತ ಮಾಮಾ ನನ್ನನ್ನು ದೂಡಿದರು. ನನ್ನ ಹತ್ತಿರ ಇದ್ದದ್ದು ಗೆಳೆಯನಿಂದ ತಂದಿದ್ದ ದಪ್ಪ ಹೊಟ್ಟೆಯ ಫುಲ್ ಹಾಲೋ. ಮೇಲೆ ತಗಡಿನ ಛಾವಣಿ, ಹಿಂದೆ ಆಳೆತ್ತರದ ಸ್ಪೀಕರು, ಪಕ್ಕದಲ್ಲಿ ರಿದಮ್ ಪ್ಯಾಡಿನವ ಕಿವಿ ಹರಿಯುವಂತೆ ಬಡಿಯುತ್ತಿದ್ದಾನೆ. ನಾನು ವಾಲ್ಯೂಮ್ ಸ್ವಲ್ಪ ಏರಿಸಿದೆ. ‘ಊಂ...’ ಶುರುವಾಯಿತು. ಇಳಿಸಿದೆ, ನಿಂತಿತು. ಮತ್ತೆ ಏರಿಸಿದೆ, ಮತ್ತೆ ಊಳು. ಊಟಕ್ಕೆ ಕೂತವರು ಎಲೆ ಬಿಟ್ಟು ತಿರುಗಿ ನೋಡಿದರು. ಮೂರನೇ ಹಾಡಿಗೆ ಅಡುಗೆಮನೆಯಿಂದ ಒಂದು ಟವೆಲ್ ತಂದು ಎಫ್ ತೂತಿನೊಳಗೆ ತುರುಕಿದೆ. ಬಿ.ಬಿ. ಕಿಂಗ್ ಕೂಡ ಹೀಗೇ ಮಾಡುತ್ತಿದ್ದರಂತೆ ಅಂತ ಅಲ್ಲಿ ಯಾರಿಗೆ ಹೇಳಲಿ? ಒಬ್ಬರು ಹಿರಿಯರು ಹತ್ತಿರ ಬಂದು, “ತಮ್ಮಾ, ಅದಕ್ಕ ಆರಾಮಿಲ್ಲೇನು?” ಅಂತ ಬಹಳ ಕಳಕಳಿಯಿಂದ ಕೇಳಿದರು.

ಆದ್ದರಿಂದ: ಜೋರು ಡ್ರಮ್ಸ್ ಜೊತೆ ವಾರಕ್ಕೊಮ್ಮೆಯಾದರೂ ವೇದಿಕೆ ಹತ್ತುವವರು ಸೆಮಿ ಹಾಲೋ ತಗೊಳ್ಳಲಿ. ಜಾನ್ ಸ್ಕೋಫೀಲ್ಡ್ ದಶಕಗಳಿಂದ ಐಬನೀಝ್ ಸೆಮಿ ಹಾಲೋದಲ್ಲೇ ನುಡಿಸಿದ್ದಾರೆ, ಅದಕ್ಕೆ ಅವರದೇ ಒಂದು ಕಿರುಚುವ ನಗು ಇದೆ. ಅವರಿಗೆ ವೇದಿಕೆ ಇತ್ತು. ನೀವು ಕಳೆದ ವರ್ಷ ಎಷ್ಟು ಸಲ ವೇದಿಕೆ ಹತ್ತಿದ್ದೀರಿ? ಆಫೀಸಿನ ಆ್ಯನುವಲ್ ಡೇ ಒಂದನ್ನು ಬಿಟ್ಟು ಲೆಕ್ಕ ಹೇಳಿ. ವರ್ಷಕ್ಕೆ ಒಂದು ಸಂಜೆಗಾಗಿ ಉಳಿದ 364 ಸಂಜೆಗಳ ಗಿಟಾರ್ ಆರಿಸುವುದು ಯಾವ ಲೆಕ್ಕ? ‘ವರ್ಸಟೈಲ್’ ಅಂತ ಕೊಂಡ ನನ್ನ ಮೊದಲ ಸೆಮಿ ಹಾಲೋದಲ್ಲಿ ನಾನು ರಾಕ್ ನುಡಿಸಲಿಲ್ಲ, ಬ್ಲೂಸ್ ನುಡಿಸಲಿಲ್ಲ, ಜಾಝ್ ಕೂಡ ಸರಿಯಾಗಿ ನುಡಿಸಲಿಲ್ಲ. ಹದಿನೆಂಟು ಕಂತು ಮಾತ್ರ ಸರಿಯಾಗಿ ಕಟ್ಟಿದೆ.

ಇನ್ನು ಅಂಗಡಿಗೆ ಹೋದಾಗ. ಮೊದಲನೆಯದು, ಹುಡುಗ ಕೇಬಲ್ ಹಿಡಿದು ಬರುತ್ತಾನೆ, ಬೇಡ ಅನ್ನಿ. ಪ್ಲಗ್ ಇಲ್ಲದೆ ಹತ್ತು ನಿಮಿಷ ನುಡಿಸಿ. ಬ್ರಿಡ್ಜಿನ ಪಕ್ಕದ ಹಲಗೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಸಂತೆಯಲ್ಲಿ ಕಲ್ಲಂಗಡಿ ತಟ್ಟುವ ಹಾಗೆ. ‘ಡಬ್’ ಅಂದರೆ ಕೆಳಗೆ ಗಾಳಿ, ‘ಟಕ್’ ಅಂದರೆ ಕೆಳಗೆ ದಿಮ್ಮಿ. ಎಫ್ ತೂತಿಗೆ ಮೊಬೈಲ್ ಟಾರ್ಚ್ ಹಿಡಿದರೆ ಕಣ್ಣಿಗೇ ಕಾಣುತ್ತದೆ. ಇದು ಯಾಕೆ ಮುಖ್ಯ ಅಂದರೆ ರೂಪ ಮೋಸ ಮಾಡುತ್ತದೆ. ಎಪಿಫೋನ್ ಕಸಿನೊ ನೋಡೋಕೆ 335ರ ತಮ್ಮನ ಹಾಗೇ ಇದೆ, ತೆಳ್ಳಗೆ, ಎರಡು ಕೊಂಬು. ಆದರೆ ಒಳಗೆ ಪೂರ್ತಿ ಖಾಲಿ, ದಿಮ್ಮಿಯಿಲ್ಲ. ತೆಳ್ಳಗಿದ್ದದ್ದೆಲ್ಲ ಸೆಮಿ ಅಂತ ಅಂಗಡಿಯ ಚೀಟಿಯಲ್ಲೇ ತಪ್ಪು ಬರೆದದ್ದನ್ನು ನಾನು ನೋಡಿದ್ದೇನೆ. ಐಬನೀಝ್ ಆರ್ಟ್‌ಕೋರ್ ಸಾಲಿನಲ್ಲಿ ಎಎಫ್ ಅಂತ ಶುರುವಾಗುವವು ಫುಲ್ ಹಾಲೋ, ಎಎಸ್ ಅಂತ ಇರುವವು ಸೆಮಿ. ಒಂದಕ್ಷರದ ವ್ಯತ್ಯಾಸ, ಆರ್ಡರ್ ಮಾಡುವಾಗ ಕಣ್ಣು ತೆರೆದಿರಲಿ. ಅಂಗಡಿಯಲ್ಲಿ ಇರುವ ತಂತಿ ತೆಳ್ಳಗಿನದು, ಕಿಣಿಕಿಣಿ ಅನ್ನುತ್ತದೆ, ಅದನ್ನು ಕೇಳಿ ಗಿಟಾರನ್ನು ಬೈಯಬೇಡಿ. ಫ್ಲಾಟ್‌ವೌಂಡ್ ಹಾಕಿದ ಮೇಲೆ ಅದೇ ಗಿಟಾರು ಬೇರೆ ಮನುಷ್ಯ.

‘ಪ್ಲೈವುಡ್ ಅಂತೆ’ ಅಂತ ಮೂಗು ಮುರಿಯುವವರಿಗೆ: ಜಿಮ್ ಹಾಲ್, ಜೋ ಪಾಸ್, ಪ್ಯಾಟ್ ಮೆಥೆನಿ ಮೂವರೂ ಹೆಸರು ಮಾಡಿದ್ದು ಇಎಸ್-175 ಹಿಡಿದು, ಅದು ಪ್ಲೈವುಡ್. ನಮ್ಮ ಕಿನ್ನಾಳದ ಚಿತ್ರಗಾರರು ಗೊಂಬೆಗೆ ಹಗುರ ಮರ ಹುಡುಕುತ್ತಾರೆ, ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ‘ಇದು ಒಂದೇ ಮರದ್ದಲ್ಲ’ ಅಂತ ಯಾರೂ ಗೊಂಬೆ ವಾಪಸ್ ಕೊಟ್ಟದ್ದು ನಾನು ಕೇಳಿಲ್ಲ. ಇನ್ನು ಕೆತ್ತಿದ ಇಡೀ ಮರದ ಹಲಗೆ ಹವೆಗೆ ಹಿಗ್ಗುತ್ತದೆ, ಕುಗ್ಗುತ್ತದೆ, ಸೀಳುತ್ತದೆ. ಬೆಂಗಳೂರಿನ ಮಳೆಯಿಂದ ಏಪ್ರಿಲ್ ತಿಂಗಳ ಕೊಪ್ಪಳಕ್ಕೆ ರೈಲಿನಲ್ಲಿ ಒಯ್ಯುವ ವಸ್ತು ಅದು. ಪ್ಲೈವುಡ್ ತಡೆಯುತ್ತದೆ.

ನಾನು ಗಿಟಾರ್ ಮೊದಲು ಮುಟ್ಟಿದ್ದು ಪಿಯುಸಿಯಲ್ಲಿದ್ದಾಗ, ವಿರೂಪಾಪುರ ಗಡ್ಡಿಯಲ್ಲಿ. ಗಂಗಾವತಿಯಿಂದ ಆನೆಗೊಂದಿ ಬಸ್ಸು ಹಿಡಿದು ಹೋಗುತ್ತಿದ್ದೆವು, ಗದ್ದೆಯ ಪಕ್ಕದ ಚಪ್ಪರದಡಿ ಫಾರಿನ್‌ದವರು ಗಿಟಾರ್ ಹಿಡಿದು ಕೂತಿರುತ್ತಿದ್ದರು. 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಅಲ್ಲಿನ ರೆಸಾರ್ಟುಗಳನ್ನೆಲ್ಲ ತೆರವು ಮಾಡಿದರು, ಆ ಚಪ್ಪರಗಳು ಈಗಿಲ್ಲ. ಯಾವ ದೇಶದವನೋ, ಒಬ್ಬ ಮುದುಕ ತನ್ನ ಹಳೆಯ ಗಿಟಾರ್ ನನ್ನ ಕೈಗೆ ಕೊಟ್ಟು, ಮೀಟುವ ಮೊದಲು ಅದರ ಬೆನ್ನನ್ನು ನನ್ನ ಎದೆಗೆ ಒತ್ತಿ ಹಿಡಿಸಿದ. ಭಾಷೆ ಇಬ್ಬರಿಗೂ ಬರುತ್ತಿರಲಿಲ್ಲ. ಯಾಕೆ ಹಾಗೆ ಮಾಡಿದ ಅಂತ ಅವತ್ತು ತಿಳಿಯಲಿಲ್ಲ.

ಇದನ್ನೆಲ್ಲ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅರ್ಧ ಗಂಟೆ ಸುಮ್ಮನೆ ಕೇಳಿಸಿಕೊಂಡ. ಅವನ ನಿಜವಾದ ಸಮಸ್ಯೆ ಬೇರೆಯೇ ಇತ್ತು. ಊರಿಗೆ ಹೋದಾಗ ಕಾಕಾನಿಗೆ ಫೋಟೊ ತೋರಿಸಿದ್ದನಂತೆ. ಕಾಕಾ ಬೇಸಾಯದ ಮನುಷ್ಯ, ಮಳೆ ನಂಬಿದ ಹೊಲ. ಕನ್ನಡಕ ಏರಿಸಿ ನೋಡಿ ಕೇಳಿದರಂತೆ, “ಒಳಗ ಏನೈತೋ ಇದರಾಗ?”

“ಏನಿಲ್ಲಪಾ, ಖಾಲಿ.”

“ಖಾಲಿ ಡಬ್ಬಿಗೆ ಇಷ್ಟ್ಯಾಕ ರೊಕ್ಕ?”

ಅದಕ್ಕೇ ಹುಡುಗ ಸೆಮಿ ಕಡೆ ವಾಲಿದ್ದ. ಅರ್ಧವಾದರೂ ತುಂಬಿದೆ ಅಂತ ಅಪ್ಪನಿಗೆ ಹೇಳಬಹುದಲ್ಲ! ನಾನು ನಗಲಿಲ್ಲ. ಮನೆಗೆ ದುಡ್ಡು ಕಳಿಸಿ, ಪಿಜಿ ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ಕೊಳ್ಳುವವನಿಗೆ ಕೊಂಡದ್ದಕ್ಕೆ ಒಂದು ಉತ್ತರ ಬೇಕಾಗುತ್ತದೆ. ‘ಎಲ್ಲದಕ್ಕೂ ಆಗ್ತೈತಿ’ ಅನ್ನೋದು ಅಪ್ಪಂದಿರಿಗೆ ಒಪ್ಪಿಸಲು ಬಹಳ ಒಳ್ಳೆಯ ಉತ್ತರ. ಅದೇ ಅದರ ತೊಂದರೆ. ಕಾಕಾನಿಗೆ ನಾನೇ ಫೋನ್ ಮಾಡಿದೆ. “ಕಾಕಾ, ಹುಲಿಗ್ಯಾಗ ಚೌಡಿಕಿ ನೋಡೀರಲ್ಲ, ಅದರಾಗ ಏನೈತಿ?” ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಅದು ತಾಯಿದಪಾ,” ಅಂದರು. ಮತ್ತೆ ಸ್ವಲ್ಪ ಬಿಟ್ಟು, “ಎಷ್ಟು ಕಂತು?” ಅಂತ ಕೇಳಿದರು.

ಮೊನ್ನೆ ಶನಿವಾರ ತಮ್ಮ ಅಂಗಡಿಯಿಂದಲೇ ಫೋನ್ ಮಾಡಿದ. ಎರಡು ಗಿಟಾರ್ ಎದುರಿಗಿಟ್ಟುಕೊಂಡು ಕೂತಿದ್ದಾನೆ, ಎರಡಕ್ಕೂ ಪ್ಲಗ್ ಹಾಕಿಲ್ಲ. ಹುಡುಗ ಕೇಬಲ್ ಹಿಡಿದು ಬೇಸರದಿಂದ ನಿಂತಿದ್ದಾನಂತೆ. “ಅಣ್ಣಾ, ಕೇಳು,” ಅಂದ. ಫೋನನ್ನು ಮೊದಲನೆಯದರ ಹತ್ತಿರ ಹಿಡಿದು ಹೆಬ್ಬೆರಳಿನಿಂದ ಒಂದು ಸ್ವರ, ಆಮೇಲೆ ಎರಡನೆಯದರ ಹತ್ತಿರ ಅದೇ ಸ್ವರ. ಹಿನ್ನೆಲೆಯಲ್ಲಿ ಯಾರೋ ಡ್ರಮ್ಸ್ ಬಾರಿಸಿ ನೋಡುತ್ತಿದ್ದರು, ಹೊರಗೆ ಬಸ್ಸಿನ ಹಾರ್ನು. ಫೋನಿನಲ್ಲಿ ನನಗೆ ಎರಡೂ ಒಂದೇ ಥರ ಕೇಳಿದವು. ಹಾಗಂತ ಹೇಳಿದೆ.

“ನನಗ ಒಂದೇ ಥರ ಕೇಳವಲ್ವು,” ಅಂದ, ಫೋನ್ ಇಟ್ಟ.